ಮನೆಯ ಜಪವೋ, ಸಂಡೇ ಸ್ಕೂಲೋ?

ಮಗಳಿಗೆ ಆರು ವರ್ಷ. ತಂದೆತಾಯಿಯನ್ನು ಗೌರವಿಸೋದನ್ನು ಚರ್ಚಿನ ಸಂಡೇ ಸ್ಕೂಲಿನಲ್ಲಿ (ಭಾನುವಾರದ ಧರ್ಮಪಾಠದಲ್ಲಿ) ಕಲಿಯಲಿ ಅಂತ ಬಿಡೋದಾ, ಮನೆಯವರೆಲ್ಲ ಸಂಜೆ ಕೂತು ಮಾಡುವ ಜಪದಲ್ಲೇ ರೂಢಿ ಮಾಡಿಸೋದಾ ಎಂದು ಕೇಳಿದ್ದೀರಿ.

ಖರ್ಚಿನ ಮಾತು ಬೇಡ, ಬೇಕಾಗೋದು ಸಮಯ. ಸಂಡೇ ಸ್ಕೂಲಿಗೆ ವಾರಕ್ಕೊಂದು ದಿನ ಸಾಕು. ಜಪಕ್ಕೆ ದಿನಾ ಸಂಜೆ ಟಿವಿ ಆರಿಸಿ ಎಲ್ಲರೂ ಕೂರಬೇಕು. ಶಿಫ್ಟ್ ಕೆಲಸದವರಿಗೆ ಕಷ್ಟವೇ.

ಅರ್ಥ ಬಿಡಿಸಿ ಹೇಳೋದರಲ್ಲಿ ಸಂಡೇ ಸ್ಕೂಲ್ ಮುಂದೆ. ಬೈಬಲ್ಲಿನ ವಿಮೋಚನಕಾಂಡ 20:12, ಅಂದರೆ ತಂದೆತಾಯಿಯನ್ನು ಗೌರವಿಸು ಎಂಬ ಮಾತು, ಬಾಯಿಪಾಠ ಆಗುತ್ತದೆ. ಹತ್ತು ಆಜ್ಞೆಗಳಲ್ಲಿ ಇದು ಕಥೋಲಿಕರ ಎಣಿಕೆಯಲ್ಲಿ ನಾಲ್ಕನೆಯದು, ಹೆಚ್ಚಿನ ಪ್ರೊಟೆಸ್ಟೆಂಟರಲ್ಲಿ ಐದನೆಯದು. ಮಗು ಗೊಂದಲ ಮಾಡಿಕೊಂಡರೆ ಬಯ್ಯಬೇಡಿ.

ಮನಸ್ಸಿನಲ್ಲಿ ಉಳಿಯೋದು ಮಾತ್ರ ಮನೆಯದೇ ಜಾಸ್ತಿ ಅಂತ ನನಗನ್ನಿಸುತ್ತದೆ. ಮಂಗಳೂರಿನ ಕೊಂಕಣಿ ಕಥೋಲಿಕರ ಮನೆಗಳಲ್ಲಿ ತೇರ್ಸ್ (ಸಂಜೆಯ ಜಪಮಾಲೆ ಪ್ರಾರ್ಥನೆ) ಮುಗಿದ ಮೇಲೆ ಮಕ್ಕಳು ಕೈ ಜೋಡಿಸಿ ಹಿರಿಯರ ಹತ್ತಿರ 'ಬೆಸಾಂವ್' ಕೇಳುತ್ತಾರೆ, ಅಂದರೆ ಆಶೀರ್ವಾದ. ಅರ್ಧ ನಿಮಿಷದ ಕೆಲಸ. ಆದರೆ ಬೆಳಗ್ಗೆ ಅಮ್ಮನ ಮೇಲೆ ರೇಗಿದ ಮಗುವೂ ಸಂಜೆ ಅವಳ ಮುಂದೆ ಬಂದು ತಲೆ ಬಾಗಿಸಬೇಕು. ಅವಳ ಕೈ ತಲೆ ಮೇಲೆ ಬಿದ್ದಾಗ ಕೋಪ ಉಳಿಯೋದು ಕಷ್ಟ, ಅಲ್ವಾ?

ಒಂದು ಎಚ್ಚರ. ನೀವೇ ಅಜ್ಜನ ಮೇಲೆ ಕೂಗಾಡಿ ಮಗುವಿಗೆ ಸುಮ್ನೆ ಕೈ ಮುಗಿಸಿದರೆ ಅದು ಮನಸ್ಸಿನಲ್ಲಿ ನಿಲ್ಲೋದಿಲ್ಲ. ಬೈಬಲ್ಲಿನ ಎಫೆಸ 6:4 ಮಕ್ಕಳನ್ನು ಕೆಣಕಬೇಡಿ ಎಂದು ತಂದೆಯರಿಗೂ ಹೇಳುತ್ತದೆ.

ಅಜ್ಜ ಅಜ್ಜಿ ಜೊತೆಗಿದ್ದರೆ ಜಪದಿಂದಲೇ ಶುರು ಮಾಡಿ. ಊರು ಬಿಟ್ಟು ದುಬೈನಲ್ಲೋ ಬೆಂಗಳೂರಿನಲ್ಲೋ ಇಬ್ಬರೂ ದುಡಿಯುತ್ತಿದ್ದರೆ ಸಂಡೇ ಸ್ಕೂಲ್ ಆಸರೆ. ಹತ್ತು ದಾಟಿ 'ಯಾಕೆ' ಎಂದು ಕೇಳುವ ಮಗುವಿಗೂ ಅದೇ ವಾಸಿ.