‘ಖರ್ಚೆಲ್ಲ ನಮ್ಮದು’ ಎಂಬ ಮೇಲ್ ನಂಬಿ ವಿಮಾನದ ಟಿಕೆಟ್ ತೆಗೆಯುವ ಮುನ್ನ

ಬೆಂಗಳೂರಿನ ಸಾಫ್ಟ್‌ವೇರ್ ಡೆವಲಪರ್ ಒಬ್ಬರು ಜರ್ಮನಿಯ ಎರಡು ದಿನದ ಕಾನ್ಫರೆನ್ಸ್‌ಗೆ ಟಾಕ್ (ಭಾಷಣ) ಕೊಡುವ ಪ್ರಸ್ತಾವ ಕಳಿಸಿದರು. ಆಯ್ಕೆಯಾಯಿತು. ಮೇಲ್‌ನಲ್ಲಿ ಒಂದೇ ಸಾಲು: ಟಾಕ್ ಕೊಟ್ಟವರ ಪ್ರಯಾಣ, ವಸತಿ ನಮ್ಮದು. ಆ ಸಾಲಿನ ಮೇಲೆ ಭಾರ ಹಾಕಿ ವಿಮಾನದ ಟಿಕೆಟ್ ತೆಗೆದರು. ಅಗ್ಗದ್ದು, ರದ್ದಾದರೆ ದುಡ್ಡು ಬರದ್ದು. ಮೂರು ರಾತ್ರಿಯ ಹೋಟೆಲ್‌ಗೂ ತಮ್ಮದೇ ಕಾರ್ಡ್. ವೀಸಾ ಕೂಡ ಬಂತು. ಹೊರಡಲು ಮೂರು ವಾರವೂ ಇಲ್ಲದಾಗ ಇನ್ನೊಂದು ಮೇಲ್: ಟಿಕೆಟ್ ಮಾರಾಟ ಸಾಲದು, ಕಾರ್ಯಕ್ರಮ ಮುಂದೂಡಿದ್ದೇವೆ. ಖರ್ಚಿನ ವಿಷಯ ಕೇಳಿದ್ದಕ್ಕೆ ಮೊದಲು ‘ನೋಡುತ್ತೇವೆ’ ಎಂಬ ಉತ್ತರ ಬಂತು, ಆಮೇಲೆ ಅದೂ ಇಲ್ಲ.

ಆಯೋಜಕರು ಕಳ್ಳರಾಗಿರಲಿಲ್ಲ. ಕಾರ್ಯಕ್ರಮ ಮಾಡುವ ಆಸೆ ನಿಜವಾಗಿಯೂ ಇತ್ತು, ಕೈಯಲ್ಲಿ ಕಾಸಿರಲಿಲ್ಲ ಅಷ್ಟೆ. ಇಂಥವರನ್ನು ಗುರುತಿಸುವುದು ಮೋಸಗಾರರನ್ನು ಗುರುತಿಸುವುದಕ್ಕಿಂತ ಕಷ್ಟ.

‘ಖರ್ಚು ನಮ್ಮದು’ ಎನ್ನುವುದಕ್ಕೆ ಎರಡು ಅರ್ಥ ಇದೆ. ಆಯೋಜಕರೇ ಟಿಕೆಟ್, ಹೋಟೆಲ್ ಬುಕ್ ಮಾಡಿ ಕಳಿಸುವುದು ಒಂದು. ನೀವು ಖರ್ಚು ಮಾಡಿ, ಟಾಕ್ ಮುಗಿದ ಮೇಲೆ ಬಿಲ್ ಕಳಿಸಿ ಎನ್ನುವುದು ಇನ್ನೊಂದು. ಎರಡನೆಯದರಲ್ಲಿ ನೀವು ಬರೀ ಸ್ಪೀಕರ್ ಅಲ್ಲ, ಆಯೋಜಕರ ಕಂಪನಿಗೆ ಬಡ್ಡಿ ಇಲ್ಲದೆ, ಅಡವಿಲ್ಲದೆ ಕೈಸಾಲ ಕೊಟ್ಟವರು. ಕಾನ್ಫರೆನ್ಸ್‌ನ ಆದಾಯ ಟಿಕೆಟ್ ಮತ್ತು ಪ್ರಾಯೋಜಕರಿಂದ ಬರಬೇಕು. ಕೊನೆಯ ತಿಂಗಳಲ್ಲಿ ಟಿಕೆಟ್ ಓಡದಿದ್ದರೆ ಮೊದಲು ಸಭಾಂಗಣದವರಿಗೆ, ಊಟದವರಿಗೆ ಕೊಡುತ್ತಾರೆ. ಸ್ಪೀಕರ್ ಸರದಿ ಕೊನೆಗೆ.

ಸಾಲ ಕೊಡುವವರು ಸಾಲಗಾರನನ್ನು ವಿಚಾರಿಸಬೇಕಲ್ಲವೇ? ಜರ್ಮನಿಯಲ್ಲಿ ಇದು ಹತ್ತು ನಿಮಿಷದ ಕೆಲಸ. ಅಲ್ಲಿನ ವ್ಯಾವಹಾರಿಕ ಜಾಲತಾಣಗಳಲ್ಲಿ ‘ಇಂಪ್ರೆಸುಮ್’ ಎಂಬ ಪುಟ ಕಾನೂನಿನ ಪ್ರಕಾರ ಇರಲೇಬೇಕು; ಕಂಪನಿಯ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಅದರಲ್ಲಿರುತ್ತವೆ. ಹೆಸರಿನ ಕೊನೆಯ ಅಕ್ಷರಗಳನ್ನು ನೋಡಿ. ‘ಜಿಎಂಬಿಎಚ್’ (GmbH) ಅಂದರೆ ಕನಿಷ್ಠ ಮೂಲ ಬಂಡವಾಳ 25,000 ಯೂರೋ. ‘ಯುಜಿ’ (UG) ಅಂದರೆ 1 ಯೂರೋ ಇದ್ದರೂ ಕಂಪನಿ ತೆರೆಯಬಹುದು. ಮೇಲೆ ಹೇಳಿದವರದು ಯುಜಿ. ಯುಜಿ ಎಂದಾಕ್ಷಣ ಕೆಟ್ಟವರು ಎಂದಲ್ಲ, ಆದರೆ ಒಂದು ಯೂರೋ ಬಂಡವಾಳದವರಿಗೆ ಲಕ್ಷ ರೂಪಾಯಿ ಸಾಲ ಕೊಡುತ್ತೀರಾ ಎಂದು ಒಮ್ಮೆ ಯೋಚಿಸಿ. ‘ಹಾಂಡೆಲ್ಸ್‌ರಿಜಿಸ್ಟರ್’ ಎಂಬ ಅಲ್ಲಿನ ವಾಣಿಜ್ಯ ನೋಂದಣಿಯನ್ನು 2022ರಿಂದ ಉಚಿತವಾಗಿ ಹುಡುಕಬಹುದು. ಬ್ರಿಟನ್ನಿನಲ್ಲಾದರೆ ಕಂಪನೀಸ್ ಹೌಸ್. ಲೆಕ್ಕಪತ್ರ ಸಲ್ಲಿಸುವ ಗಡುವು ಮೀರಿದ್ದರೆ ಅದೂ ಅಲ್ಲಿ ಕಾಣುತ್ತದೆ. ಇವೆಲ್ಲಕ್ಕಿಂತ ಉಪಯೋಗದ್ದು ಹಿಂದಿನ ವರ್ಷ ಮಾತಾಡಿದ ಇಬ್ಬರಿಗೆ ಒಂದು ಸಣ್ಣ ಮೆಸೇಜ್. ‘ಕಾರ್ಯಕ್ರಮ ಹೇಗಿತ್ತು’ ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿತ್ತು ಅಂತಲೇ ಹೇಳುತ್ತಾರೆ. ‘ಬಿಲ್ ಕೊಟ್ಟು ಎಷ್ಟು ದಿನಕ್ಕೆ ದುಡ್ಡು ಬಂತು?’ ಎಂದು ಕೇಳಿ.

ವಿಚಾರಿಸಿದ ಮೇಲೂ ಕೈಯಿಂದ ಹಾಕುವುದೇ ಆದರೆ ಮೇಲ್‌ನಲ್ಲಿ ಇಷ್ಟು ಬರೆಸಿಕೊಳ್ಳಿ: ಗರಿಷ್ಠ ಮೊತ್ತ ಎಷ್ಟು, ಬಿಲ್ ಕೊಟ್ಟ ಎಷ್ಟು ದಿನದೊಳಗೆ ಪಾವತಿ, ಕಾರ್ಯಕ್ರಮ ರದ್ದಾದರೆ ಅಥವಾ ಮುಂದಕ್ಕೆ ಹೋದರೆ ಆಗಲೇ ಆದ ಖರ್ಚು ಯಾರದು, ವೀಸಾ ಸಿಗದಿದ್ದರೆ ಆ ಶುಲ್ಕ ಯಾರದು. ಮೂರನೆಯದನ್ನು ಯಾರೂ ಕೇಳುವುದಿಲ್ಲ. ಈ ಪ್ರಕರಣದಲ್ಲಿ ಎಡವಿದ್ದು ಅಲ್ಲೇ, ಏಕೆಂದರೆ ‘ಟಾಕ್ ಕೊಟ್ಟವರಿಗೆ ಖರ್ಚು’ ಎಂಬ ಮಾತಿತ್ತು, ಟಾಕ್ ನಡೆಯಲೇ ಇಲ್ಲ.

ಕಾರ್ಡ್‌ನ ಲೆಕ್ಕವನ್ನೂ ಈಗಲೇ ಮಾಡಿ. ವಿದೇಶಿ ಕರೆನ್ಸಿಯ ಪಾವತಿಗೆ ಬಹಳಷ್ಟು ಕ್ರೆಡಿಟ್ ಕಾರ್ಡ್‌ಗಳು 3.5% ಮಾರ್ಕಪ್ (ಹೆಚ್ಚುವರಿ ಶುಲ್ಕ) ಹಾಕುತ್ತವೆ, ಅದರ ಮೇಲೆ 18% ಜಿಎಸ್‌ಟಿ, ಒಟ್ಟು 4.13%. ಹೋಟೆಲ್‌ಗೆ 60,000 ರೂಪಾಯಿ ಆದರೆ 2,478 ರೂಪಾಯಿ ಸುಮ್ಮನೆ ಹೋಯಿತು, ಹೋಟೆಲ್ ಬಿಲ್‌ನಲ್ಲಿ ಅದು ಕಾಣುವುದೂ ಇಲ್ಲ. ಆದ್ದರಿಂದ ಮರುಪಾವತಿ ಕಾರ್ಡ್ ಸ್ಟೇಟ್‌ಮೆಂಟ್‌ನಲ್ಲಿರುವ ರೂಪಾಯಿ ಮೊತ್ತದ ಪ್ರಕಾರ ಎಂದು ಬರೆಸಿ. ಸ್ವಿಫ್ಟ್ ಎಂಬ ಅಂತರರಾಷ್ಟ್ರೀಯ ಬ್ಯಾಂಕ್ ಜಾಲದ ಮೂಲಕ ಆಯೋಜಕರು ದುಡ್ಡು ಕಳಿಸುವಾಗ ಬ್ಯಾಂಕ್ ಶುಲ್ಕವನ್ನು ‘ಅವರ್’ (OUR, ಅಂದರೆ ಶುಲ್ಕವೆಲ್ಲ ಕಳಿಸುವವರದು) ಎಂದು ಆರಿಸಲು ಹೇಳಿ. ‘ಷಾ’ (SHA, ಅಂದರೆ ಶುಲ್ಕ ಇಬ್ಬರಿಗೂ ಹಂಚಿಕೆ) ಎಂದು ಹಾಕಿದರೆ ಮಧ್ಯದ ಬ್ಯಾಂಕುಗಳು ದಾರಿಯಲ್ಲೇ ಒಂದಿಷ್ಟು ಕಿತ್ತುಕೊಳ್ಳುತ್ತವೆ.

ಇನ್ನು ವೀಸಾ. ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾದ ಅರ್ಜಿಗೆ ಪಾವತಿಸಿದ ಟಿಕೆಟ್ ಇರಲೇಬೇಕು ಎಂಬುದು ತಪ್ಪು ಕಲ್ಪನೆ. ಹೋಗಿ ಬರುವ ರಿಸರ್ವೇಶನ್ ಸಾಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ 15 ದಿನ ಮುಂಚಿನವರೆಗೆ ಹಾಕಬಹುದು. ತೀರ್ಮಾನಕ್ಕೆ 15 ದಿನ, ಎಳೆದರೆ 45. ವಯಸ್ಕರ ಶುಲ್ಕ 2024ರ ಜೂನ್‌ನಿಂದ 90 ಯೂರೋ, ಜೊತೆಗೆ ಅರ್ಜಿ ಕೇಂದ್ರದ ಸೇವಾ ಶುಲ್ಕ. ನಿರಾಕರಿಸಿದರೂ ವಾಪಸ್ ಇಲ್ಲ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋದ್ದು.

ಬಹಳ ಜನ ಮುಗ್ಗರಿಸುವುದು ಆಹ್ವಾನ ಪತ್ರದಲ್ಲಿ. ಪತ್ರದಲ್ಲಿ ‘ಎಲ್ಲ ಖರ್ಚು ಆಯೋಜಕರದು’ ಎಂದಿದ್ದು, ಅರ್ಜಿಯಲ್ಲಿ ‘ನನ್ನದೇ ಖರ್ಚು’ ಎಂದು ಗುರುತು ಹಾಕಿ, ಹೋಟೆಲ್ ಬುಕಿಂಗ್ ನಿಮ್ಮ ಹೆಸರಿನಲ್ಲಿದ್ದರೆ ಮೂರು ಕಾಗದ ಮೂರು ಮಾತಾಡುತ್ತವೆ. ಪ್ರವಾಸದ ಉದ್ದೇಶ ಮತ್ತು ವಿವರ ನಂಬುವಂತಿಲ್ಲ ಎಂಬ ಕಾರಣಕ್ಕೆ ನಿರಾಕರಣೆ ಬರಲು ಇಷ್ಟು ಸಾಕು. ಕೈಯಿಂದ ಹಾಕಿ ಆಮೇಲೆ ಪಡೆಯುವುದಾದರೆ ಪತ್ರದಲ್ಲೂ ಹಾಗೆಯೇ ಇರಲಿ. ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಕಂಪನಿಯ ರಜೆ ಪತ್ರ ಅದಕ್ಕೆ ಹೊಂದಲಿ. ಜರ್ಮನಿ ನಿರಾಕರಿಸಿದರೆ ಹಿಂದೆಲ್ಲ ಮರುಪರಿಶೀಲನೆಗೆ ಉಚಿತವಾಗಿ ಪತ್ರ ಬರೆಯಬಹುದಿತ್ತು. 2025ರ ಜುಲೈನಿಂದ ಆ ದಾರಿ ಮುಚ್ಚಿದೆ, ಹೊಸ ಅರ್ಜಿ ಇಲ್ಲವೇ ಬರ್ಲಿನ್ ಕೋರ್ಟು.

ಕಾರ್ಯಕ್ರಮ ರದ್ದಾಯಿತು, ವೀಸಾ ಇದೆಯಲ್ಲ, ಸುತ್ತಾಡಿ ಬರೋಣ ಎನ್ನುವವರೂ ಇದ್ದಾರೆ. ವೀಸಾ ಕೊಟ್ಟ ಕಾರಣವೇ ಇಲ್ಲವಾದಾಗ ಅದನ್ನು ಹಿಂಪಡೆಯುವ ಅಧಿಕಾರ ವೀಸಾ ಕೊಟ್ಟ ದೇಶಕ್ಕಿದೆ. ವಿಮಾನ ನಿಲ್ದಾಣದ ಅಧಿಕಾರಿ ‘ಯಾವ ಕಾನ್ಫರೆನ್ಸ್?’ ಎಂದು ಕೇಳಿದರೆ ಏನು ಹೇಳುತ್ತೀರಿ?

ಗೌರವಧನದ ಮಾತು ಬಂದರೆ ಇನ್ನೊಂದು ಬಲೆ. ಅಮೆರಿಕದ ಬಿ-1 ಎಂಬ ವ್ಯವಹಾರ ಭೇಟಿಯ ವೀಸಾದಲ್ಲಿ ಕಾನ್ಫರೆನ್ಸ್‌ಗೆ ಹೋಗಬಹುದು, ಖರ್ಚು ವಾಪಸ್ ಪಡೆಯಬಹುದು. ಗೌರವಧನ ಮಾತ್ರ ವಿಶ್ವವಿದ್ಯಾಲಯ ಅಥವಾ ಲಾಭರಹಿತ ಸಂಶೋಧನಾ ಸಂಸ್ಥೆಯಂಥ ಕಡೆಯಿಂದಲೇ, ಅದೂ ಒಂದು ಕಡೆ ಒಂಬತ್ತು ದಿನ, ಆರು ತಿಂಗಳಲ್ಲಿ ಐದು ಸಂಸ್ಥೆ ಎಂಬ ಮಿತಿಯೊಳಗೆ. ಖಾಸಗಿ ಕಂಪನಿ ಕೊಡುವ ಚೆಕ್ ಮುಂದಿನ ವೀಸಾಕ್ಕೆ ಮುಳ್ಳಾಗಬಹುದು. ಇಲ್ಲಿನ ನಿಮ್ಮ ಉದ್ಯೋಗ ಕರಾರಿನಲ್ಲೂ ಹೊರಗಿನ ಸಂಪಾದನೆಯ ಬಗ್ಗೆ ಏನಿದೆ ಎಂದು ಒಮ್ಮೆ ಓದಿ.

ಆಗಲೇ ಸಿಕ್ಕಿಬಿದ್ದಿದ್ದರೆ? ಕಾರ್ಡ್ ಬ್ಯಾಂಕಿಗೆ ಚಾರ್ಜ್‌ಬ್ಯಾಕ್ (ಕಾರ್ಡ್‌ನಲ್ಲಿ ಕೊಟ್ಟ ದುಡ್ಡನ್ನು ಬ್ಯಾಂಕ್ ಮೂಲಕ ಹಿಂಪಡೆಯುವುದು) ಕೇಳಿ ಸಮಯ ಕಳೆಯಬೇಡಿ. ನೀವು ದುಡ್ಡು ಕೊಟ್ಟಿದ್ದು ವಿಮಾನದವರಿಗೆ, ಹೋಟೆಲ್‌ನವರಿಗೆ. ಅವರು ಸೇವೆ ಕೊಡಲು ಸಿದ್ಧರಿದ್ದಾರೆ. ಆಯೋಜಕರು ಆ ವ್ಯವಹಾರದಲ್ಲೇ ಇಲ್ಲ. ವಿಮಾನ ಹೊರಡುವ ಮುನ್ನ ಟಿಕೆಟ್ ರದ್ದು ಮಾಡಿ: ವಾಪಸ್ ಇಲ್ಲದ ಟಿಕೆಟ್‌ನಲ್ಲೂ ಸರ್ಕಾರಿ ತೆರಿಗೆ, ನಿಲ್ದಾಣ ಶುಲ್ಕ ಹಿಂದಿರುಗಿಸಬೇಕೆಂದು ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮವಿದೆ. ವಿದೇಶಿ ವಿಮಾನ ಸಂಸ್ಥೆಗಳಿಗೆ ಅವರ ದೇಶದ ನಿಯಮ ಅನ್ವಯ, ಆದರೂ ಕೇಳಿ. ಕೇಳದವರಿಗೆ ಯಾರೂ ಕರೆದು ಕೊಡುವುದಿಲ್ಲ. ಆಯೋಜಕರಿಗೆ ಮೊತ್ತ ಮತ್ತು ಗಡುವಿನ ತಾರೀಖು ಹಾಕಿ ಬರೆಯಿರಿ. ಅದಕ್ಕೂ ಬಗ್ಗದಿದ್ದರೆ ಜರ್ಮನಿಯಲ್ಲಿ ‘ಮಾನ್‌ಫರ್‌ಫಾರೆನ್’ ಎಂಬ ವಸೂಲಿ ಆದೇಶದ ಸರಳ ವಿಧಾನ ಇದೆ. ಜರ್ಮನಿಯಲ್ಲಿ ವಾಸವಿಲ್ಲದವರು ಬರ್ಲಿನ್ನಿನ ವೆಡ್ಡಿಂಗ್ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಎದುರಾಳಿಗೆ ತಕರಾರು ಎತ್ತಲು ಎರಡು ವಾರ. ಎತ್ತಿದರೆ ಮಾಮೂಲಿ ಮೊಕದ್ದಮೆ, ಅಲ್ಲಿಗೆ ಖರ್ಚು ಗಿಟ್ಟುವುದು ಕಷ್ಟ. ಕಂಪನಿ ದಿವಾಳಿಯಾದರೆ ಆಡಳಿತಾಧಿಕಾರಿ ಹೇಳಿದ ಗಡುವಿನೊಳಗೆ ಬಾಕಿ ನೋಂದಾಯಿಸಿ, ಹೆಚ್ಚಿನ ಆಸೆ ಇಟ್ಟುಕೊಳ್ಳದೆ.

ಶುದ್ಧ ಮೋಸದ ಕಾನ್ಫರೆನ್ಸ್‌ಗಳೂ ಇವೆ. ಜರ್ನಲ್ ಪ್ರಕಟಿಸಿ ಸಮ್ಮೇಳನ ನಡೆಸುವ ಹೈದರಾಬಾದ್ ಮೂಲದ ಓಮಿಕ್ಸ್ ಸಮೂಹದ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ದಾವೆಯಲ್ಲಿ 2019ರಲ್ಲಿ 5 ಕೋಟಿ ಡಾಲರಿಗೂ ಹೆಚ್ಚು ಕಟ್ಟುವಂತೆ ಆದೇಶವಾಯಿತು. ಒಪ್ಪಿಗೆ ಕೊಡದ ವಿದ್ವಾಂಸರನ್ನು ತಮ್ಮ ಸಮ್ಮೇಳನಗಳಿಗೆ ಬರುತ್ತಾರೆಂದು ಪ್ರಚಾರ ಮಾಡಿದ್ದೂ ಆರೋಪಗಳಲ್ಲೊಂದು. ಡೆವಲಪರ್ ಲೋಕದಲ್ಲಿ 2023ರ ನವೆಂಬರ್‌ನಲ್ಲಿ ಡೆವ್‌ಟರ್ನಿಟಿ ಎಂಬ ಕಾನ್ಫರೆನ್ಸ್‌ನ ಸ್ಪೀಕರ್ ಪಟ್ಟಿಯಲ್ಲಿ ಅಸ್ತಿತ್ವದಲ್ಲೇ ಇಲ್ಲದ ಮಹಿಳೆಯರ ಹೆಸರು ಇರುವುದು ಬಯಲಾಗಿ, ನಿಜವಾದ ಸ್ಪೀಕರ್‌ಗಳು ಹಿಂದೆ ಸರಿದು, ಕಾರ್ಯಕ್ರಮವೇ ರದ್ದಾಯಿತು. ಪಟ್ಟಿಯ ನಾಲ್ಕು ಹೆಸರನ್ನಾದರೂ ಹುಡುಕಿ ನೋಡಿ. ಹಳೆಯ ಟಾಕ್‌ನ ವಿಡಿಯೊ, ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನ ಖಾತೆ ಏನೂ ಸಿಗದಿದ್ದರೆ ಅನುಮಾನಿಸಿ. ನೀವು ಟಾಕ್ ಕಳಿಸದೆಯೇ ‘ಮುಖ್ಯ ಭಾಷಣಕಾರ’ ಎಂಬ ಆಹ್ವಾನ ಬಂದು, ನೋಂದಣಿ ಶುಲ್ಕ ಕಟ್ಟಿ, ಹೋಟೆಲ್ ಇದೇ ಏಜೆಂಟ್ ಮೂಲಕ ಎಂದರೆ ಅಳಿಸಿಬಿಡಿ. ಹಾಗೆಂದು ಟಿಕೆಟ್ ಹಣ ಕೇಳಿದವರೆಲ್ಲ ಮೋಸಗಾರರಲ್ಲ. ಪೈಥಾನ್ ಭಾಷೆ ಬಳಸುವವರ ಕಾನ್ಫರೆನ್ಸ್ ಪೈಕಾನ್ ಯುಎಸ್‌ನಲ್ಲಿ ಸ್ಪೀಕರ್ ಸಹಿತ ಎಲ್ಲರೂ ಟಿಕೆಟ್ ಕೊಳ್ಳುವುದು ಹಳೆಯ ಪದ್ಧತಿ, ಕಷ್ಟವಿರುವವರಿಗೆ ಪ್ರಯಾಣ ನೆರವು ಬೇರೆ ಇದೆ.

ನಮ್ಮೂರಿನ ಕಾರ್ಯಕ್ರಮಗಳಲ್ಲಿ ದುಡ್ಡು ಸಿಕ್ಕಿಕೊಳ್ಳುವ ಜಾಗ ಬೇರೆ. ಹುಬ್ಬಳ್ಳಿಗೋ ಮಂಗಳೂರಿಗೋ ಕಾಲೇಜಿನವರು ಕರೆದರೆ, ಕರೆದ ಹುಡುಗರು ಒಳ್ಳೆಯವರೇ, ದುಡ್ಡು ಬಿಡುಗಡೆ ಮಾಡುವವರು ಮಾತ್ರ ಕಚೇರಿಯ ಲೆಕ್ಕಿಗರು. ಹೋಟೆಲ್ ಬಿಲ್ ಕಾಲೇಜಿನ ಹೆಸರಿನಲ್ಲಿ, ಅವರ ಜಿಎಸ್‌ಟಿ ನಂಬರ್ ಸಹಿತ ಬೇಕೆಂದು ಆಮೇಲೆ ತಕರಾರು ತೆಗೆಯುತ್ತಾರೆ. ಬಿಲ್ ಯಾರ ಹೆಸರಿಗೆ, ಕ್ಯಾಬ್ ರಸೀದಿ ನಡೆಯುತ್ತದೆಯೇ ಎಂದು ಹೊರಡುವ ಮುಂಚೆಯೇ ಲೆಕ್ಕಿಗರ ಹತ್ತಿರ ಫೋನಿನಲ್ಲಿ ಕೇಳಿಕೊಳ್ಳಿ. ಆ ಹುಡುಗರು ಪರೀಕ್ಷೆ ಮುಗಿಸಿ ಊರಿಗೆ ಹೋದ ಮೇಲೆ ನಿಮ್ಮ ಫೋನ್ ಎತ್ತುವವರು ಅಲ್ಲಿ ಯಾರೂ ಇರುವುದಿಲ್ಲ.