ಪಾಯ ನೋಡ್ತೀವಿ ಅಂತ ಗುಂಡಿ ತೋಡೋರ ಹತ್ತಿರ ಹುಷಾರು

ಹೇಳೋಕೇ ನಾಚಿಕೆ, ಆದರೂ ಬರೆಯುತ್ತಿದ್ದೇನೆ. ನಮ್ಮದು ಮೈಸೂರಿನಲ್ಲಿ 1994ರಲ್ಲಿ ಕಟ್ಟಿದ ಮನೆ, ಸೈಜುಗಲ್ಲಿನ ಪಾಯ. ಹಿಂದಿನ ರೂಮಿನ ಗೋಡೆ ನೆಲದಿಂದ ಎರಡು ಅಡಿವರೆಗೆ ತೇವ, ಪೇಂಟ್ ಉದುರಿ ಬಿಳಿ ಉಪ್ಪು ಬರುತ್ತಿತ್ತು. ವಾಟರ್‌ಪ್ರೂಫಿಂಗ್ ಕಾಂಟ್ರಾಕ್ಟರ್ ಬಂದವನೇ ಗೋಡೆ ತಟ್ಟಿ, "ಪಾಯಕ್ಕೇ ನೀರು ಇಳಿದಿದೆ ಸಾರ್, ತೋಡಿ ನೋಡಲೇಬೇಕು" ಅಂದ. ಗುಂಡಿಗೆ 3,500, ನಾಲ್ಕು ಗುಂಡಿ. ತೇವ ಒಂದೇ ಗೋಡೆಗೆ, ಗುಂಡಿ ನಾಲ್ಕು ಯಾಕೆ? ಕೇಳಬೇಕಿತ್ತು, ಕೇಳಲಿಲ್ಲ.

ಸಂಜೆ ಗೇಟಿನ ಪಕ್ಕದ ಗುಂಡಿಗೆ ಕರೆದೊಯ್ದು ಟಾರ್ಚ್ ಬಿಟ್ಟ. ತಳದಲ್ಲಿ ನೀರು! "ನೋಡಿ ಸಾರ್, ಪಾಯ ನೀರು ಕುಡೀತಾ ಇದೆ." ನನ್ನ ಹೆಂಡತಿ, "ಅಲ್ರೀ, ಸಂಪಿನ ಪಕ್ಕ ತೋಡಿದ್ರೆ ನೀರು ಬರದೆ ಇನ್ನೇನು ಬರುತ್ತೆ?" ಅಂದಳು. ನಾನು ಅವಳನ್ನೇ ಸುಮ್ಮನಿರಿಸಿದೆ. 2.8 ಲಕ್ಷದ ಕೆಲಸಕ್ಕೆ ಅಲ್ಲೇ 40,000 ಅಡ್ವಾನ್ಸ್ ಕೊಟ್ಟೆ.

ಹಿಂದಿನ ಗೋಡೆಯ ಗುಂಡಿ, ಅಂದರೆ ನಿಜವಾಗಿ ನೋಡಬೇಕಾಗಿದ್ದ ಗುಂಡಿ, ನಾನು ಆಫೀಸಿನಿಂದ ಬರುವ ಮೊದಲೇ ಮುಚ್ಚಿಯಾಗಿತ್ತು. "ಮಕ್ಕಳು ಬೀಳ್ತಾರೆ ಅಂತ ಮುಚ್ಚಿಸಿದೆ ಸಾರ್." ಹಿತ್ತಲಿಗೆ ಮಕ್ಕಳು ಹೋಗೋದೇ ಇಲ್ಲ, ದಿನಾ ಓಡಾಡುವ ಗೇಟಿನ ಹತ್ತಿರದ್ದು ಮಾತ್ರ ಬಾಯಿ ತೆರೆದೇ ಇತ್ತು! ಎರಡು ದಿನ ಆದ ಮೇಲೆ ಮಗಳು ಫೋನಿನಲ್ಲಿ ಆ ಹಿಂದಿನ ಗುಂಡಿಯ ಫೋಟೋ ತೋರಿಸಿದಳು, ಮುಚ್ಚುವ ಮೊದಲು ಸುಮ್ನೆ ತೆಗೆದಿದ್ದಳಂತೆ. ತಳದವರೆಗೂ ಒಣ ಕಲ್ಲು, ಪುಡಿಪುಡಿ ಕೆಂಪು ಮಣ್ಣು. ಹೊಟ್ಟೆ ಉರಿದುಹೋಯಿತು.

ಪರಿಚಯದ ಪ್ಲಂಬರ್ ಬಂದು ರಾತ್ರಿ ಮೋಟಾರ್, ವಾಲ್ವ್ ಎಲ್ಲ ಬಂದ್ ಮಾಡಿಸಿ ಸಂಪಿನೊಳಗೆ ಸೀಮೆಸುಣ್ಣದ ಗೆರೆ ಹಾಕಿದ. ಬೆಳಗ್ಗೆ ನೀರು ಗೆರೆಗಿಂತ ನಾಲ್ಕು ಬೆರಳು ಕೆಳಗೆ. ಗುಂಡಿಗೆ ಬಂದಿದ್ದು ಸಂಪಿನ ನೀರು. ಗೋಡೆಯ ತೇವ? ಬಾತ್‌ರೂಮ್ ಪೈಪಿನ ಜಾಯಿಂಟ್, ಗೋಡೆಯೊಳಗೇ ಸೋರುತ್ತಿತ್ತು. 1,800 ರೂಪಾಯಿಯ ಕೆಲಸ.

ಕಾಂಟ್ರಾಕ್ಟರ್‌ಗೆ ಫೋನ್ ಮಾಡಿದೆ. ಮೊದಲು, "ಮಣ್ಣಿನಡಿ ಏನಿದೆ ಅಂತ ಯಾರಿಗೆ ಗೊತ್ತು ಸಾರ್". ಆಮೇಲೆ, "ಅಡ್ವಾನ್ಸ್ ಮೆಟೀರಿಯಲ್‌ಗೆ ಹೋಯ್ತು". ಯಾವ ಮೆಟೀರಿಯಲ್? ಒಂದು ಡಬ್ಬ ಕೂಡ ಬಂದಿಲ್ಲ. ಕೊನೆಗೆ, "ನೀವೇ ಒಪ್ಪಿ ತೋಡಿಸಿದ್ದಲ್ವಾ?" ಹೌದಪ್ಪ, ನಾನೇ ಒಪ್ಪಿದ್ದು.

ತೋಡಿಸೋದಾದರೆ ಮೊದಲು ಪೈಪು, ಸಂಪು ನೋಡಿಸಿ. ತೇವ ಇರುವ ಕಡೆಯೇ ತೋಡಿಸಿ, ಪಾಯದ ತಳಕ್ಕಿಂತ ಕೆಳಗೆ ಅಗೆಯಲು ಬಿಡಬೇಡಿ, ನೀವು ಕಣ್ಣಾರೆ ನೋಡುವವರೆಗೆ ಮುಚ್ಚಲೂ ಬಿಡಬೇಡಿ. ಮುಚ್ಚುವಾಗ ಅರ್ಧ ಅಡಿಗೊಮ್ಮೆ ಮಣ್ಣು ಹಾಕಿ ದಿಮ್ಮಸು ಹೊಡೆಸಿ. ನಮ್ಮಲ್ಲಿ ಸುಮ್ನೆ ಮಣ್ಣು ತಳ್ಳಿ ಹೋಗಿದ್ದಾರೆ, ಒಂದೇ ಮಳೆಗೆ ಗೇಟಿನ ಹತ್ತಿರದ ಟೈಲ್ಸ್ ಕುಸಿದಿದೆ. ಅದಕ್ಕೂ ಫೋನ್ ಮಾಡಿದೆ. ಈಗ ಎತ್ತುತ್ತಿಲ್ಲ.