ಫ್ರೀಜರಿನ ಸಸ್ಯಮಾಂಸ: ಕೈಮಕ್ಕೆ ಒಗ್ಗಿತು, ಸಾರಿಗೆ ಒಗ್ಗಲಿಲ್ಲ

ಹಾಸನದ ಬಿ.ಎಂ. ರಸ್ತೆಯ ಸೂಪರ್ ಮಾರ್ಕೆಟ್ಟುಗಳ ಫ್ರೀಜರಿನಲ್ಲಿ ಹಸಿರು ಬಟಾಣಿ, ಪರೋಟ ಪ್ಯಾಕೆಟ್ಟುಗಳ ಪಕ್ಕ ಈಗ ಸಸ್ಯಮಾಂಸವೂ, ಅಂದರೆ ಸಸ್ಯದ ಪ್ರೋಟೀನಿನಿಂದ ಮಾಂಸದಂತೆ ಮಾಡಿದ ಪದಾರ್ಥವೂ ಸಿಗುತ್ತದೆ. ಕೈಮ, ಮೂಳೆಯಿಲ್ಲದ ತುಂಡು, ಶೀಕ್ ಕಬಾಬ್ ಎಂದು ಮೂರು ರೂಪ. ಕಂಪನಿ ಯಾವುದಾದರೂ ಹಿಂಬದಿಯ ಪಟ್ಟಿ ಹೆಚ್ಚು ಕಡಿಮೆ ಒಂದೇ: ಸೋಯಾ ಅಥವಾ ಬಟಾಣಿ ಪ್ರೋಟೀನ್, ಗೋಧಿಯ ಗ್ಲುಟೆನ್, ತೆಂಗಿನೆಣ್ಣೆ ಇಲ್ಲವೇ ಸೂರ್ಯಕಾಂತಿ ಎಣ್ಣೆ, ಮಿಥೈಲ್ ಸೆಲ್ಯುಲೋಸ್, ಯೀಸ್ಟ್ ಸಾರ, ಉಪ್ಪು, ಬಣ್ಣಕ್ಕೆ ಬೀಟ್‌ರೂಟ್. ಹಾಗಾಗಿ ಈ ವಿಮರ್ಶೆ ಯಾವುದೋ ಒಂದು ಬ್ರ್ಯಾಂಡಿನದಲ್ಲ, ಈ ಜಾತಿಯ ಪದಾರ್ಥದ್ದು. ಪರೀಕ್ಷೆಯೂ ಬರ್ಗರಿನಲ್ಲಿ ನಡೆದದ್ದಲ್ಲ. ಮುದ್ದೆ ಸಾರು, ಕೈಮ ಉಂಡೆ, ಅಕ್ಕಿರೊಟ್ಟಿಯ ಜೊತೆಗಿನ ಕೈಮ ಪಲ್ಯ, ಇವುಗಳಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ. ಪ್ರಯೋಗಾಲಯದಲ್ಲಿ ಬೆಳೆಸಿದ ಮಾಂಸ ನಾಳೆ ನಮ್ಮೂರಿಗೆ ಬಂದರೆ ಜನ ತಿನ್ನುತ್ತಾರೆಯೇ ಎಂದು ಕೇಳುವವರಿಗೆ ಉತ್ತರದ ದೊಡ್ಡ ಪಾಲು ಈ ಪಾತ್ರೆಗಳಲ್ಲೇ ಸಿಗುತ್ತದೆ.

ಮೊದಲು ಒಳ್ಳೆಯದು. ಕೈಮದ ಪಲ್ಯ ನಿಜವಾಗಿ ಚೆನ್ನಾಗಿ ಬರುತ್ತದೆ. ಕಾಲು ಕೆಜಿ ಪ್ಯಾಕೆಟ್ಟಿಗೆ ಎರಡು ದೊಡ್ಡ ಈರುಳ್ಳಿ, ಒಂದು ಚಮಚ ಶುಂಠಿ ಬೆಳ್ಳುಳ್ಳಿ ಪೇಸ್ಟ್, ನಾಲ್ಕು ಹಸಿಮೆಣಸು, ಒಂದು ಚಮಚ ಧನಿಯಾ ಪುಡಿ, ಅರ್ಧ ಚಮಚ ಕರಿಮೆಣಸಿನ ಪುಡಿ, ಎರಡು ಲವಂಗ, ಸಣ್ಣ ಚೂರು ಚಕ್ಕೆ ಸಾಕು. ಎಣ್ಣೆ ಮಾತ್ರ ಮಟನ್ ಕೈಮಕ್ಕೆ ಹಾಕುವುದಕ್ಕಿಂತ ಹೆಚ್ಚು ಬೇಕು, ಮೂರು ದೊಡ್ಡ ಚಮಚ. ಮಟನ್ ತನ್ನ ಕೊಬ್ಬನ್ನು ತಾನೇ ಬಿಡುತ್ತದೆ, ಇದು ಬಿಡುವುದು ಅತ್ಯಲ್ಪ. ದಪ್ಪ ತಳದ ಬಾಣಲೆ ಚೆನ್ನಾಗಿ ಕಾದಿರಬೇಕು. ಈರುಳ್ಳಿ ಕೆಂಪಾದ ಮೇಲೆ ಕೈಮ ಹಾಕಿ, ಸೌಟಿನಿಂದ ಒಡೆದು ತೆಳುವಾಗಿ ಹರಡಿ, ಎರಡು ನಿಮಿಷ ಮುಟ್ಟದೆ ಬಿಡಬೇಕು. ತಳ ಕಂದು ಹಿಡಿದ ಮೇಲೆ ಒಮ್ಮೆ ಮಗುಚಿ ಮತ್ತೆ ಬಿಡಬೇಕು. ಒಟ್ಟು ಏಳೆಂಟು ನಿಮಿಷದ ಕೆಲಸ. ನೀರು ಹಾಕಬಾರದು, ಮುಚ್ಚಳ ಮುಚ್ಚಬಾರದು. ಮುಚ್ಚಿದರೆ ಹಬೆ ಕಟ್ಟಿ ಕೈಮ ಹಿಟ್ಟಿನ ಮುದ್ದೆಯಾಗುತ್ತದೆ, ಸೋಯಾದ ಹಸಿ ವಾಸನೆಯೂ ಒಳಗೇ ಉಳಿಯುತ್ತದೆ. ಬಹಳ ಜನ ಎಡವುವುದು ಇಲ್ಲೇ, ಮಟನ್ ಬೇಯಿಸುವ ಅಭ್ಯಾಸದಲ್ಲಿ ಕೈ ತಾನಾಗಿಯೇ ಮುಚ್ಚಳಕ್ಕೆ ಹೋಗುತ್ತದೆ. ಉಪ್ಪು ಕೊನೆಗೆ, ರುಚಿ ನೋಡಿ, ಎಂದಿನ ಅರ್ಧದಷ್ಟು. ಕಾರ್ಖಾನೆಯಲ್ಲೇ ಉಪ್ಪು ಸೇರಿಸಿ ಕಳಿಸಿರುತ್ತಾರೆ. ನಿಂಬೆರಸ ಒಲೆ ಆರಿಸಿದ ಮೇಲೆ. ಸೋಯಾ ಪ್ರೋಟೀನ್ ಹುಳಿಯಲ್ಲಿ ಬಿಗಿದುಕೊಳ್ಳುತ್ತದೆ, ಮೊದಲೇ ಹುಳಿ ಬಿದ್ದರೆ ಕೈಮ ಒಣಒಣ. ಇದೇ ಕಾರಣಕ್ಕೆ ಕೊಡಗಿನ ಕಡೆ ಹುರಿದ ಕಪ್ಪು ಮಸಾಲೆಗೆ ಕಾಚಂಪುಳಿ ಎಂಬ ಕಪ್ಪು ಹುಳಿರಸ ಬಿಟ್ಟು ಮಾಡುವ ಅಡುಗೆಗೆ ಈ ತುಂಡುಗಳನ್ನು ಹಾಕಲೇಬೇಡಿ, ರಬ್ಬರ್ ಅಗಿದಂತಾಗುತ್ತದೆ.

ಕೈಮ ಉಂಡೆ ಇನ್ನೂ ಕುತೂಹಲದ ಪರೀಕ್ಷೆ. ಮಟನ್ ಉಂಡೆಗೆ ಹುರಿಗಡಲೆ ಪುಡಿ, ತೆಂಗಿನತುರಿ, ಕೊತ್ತಂಬರಿ ಸೊಪ್ಪು, ಚಕ್ಕೆ ಲವಂಗ ಸೇರಿಸಿ ನುಣ್ಣಗೆ ರುಬ್ಬಿ, ಕುದಿಯುವ ಸಾರಿಗೆ ಒಂದೊಂದಾಗಿ ಬಿಡುವುದು ಎಲ್ಲರಿಗೂ ಗೊತ್ತಿರುವ ಕ್ರಮ. ಸಸ್ಯ ಕೈಮವನ್ನು ರುಬ್ಬುವುದು ಬೇಡ, ಮೊದಲೇ ಸಣ್ಣಗಿರುತ್ತದೆ. ಕಾಲು ಕೆಜಿಗೆ ಎರಡು ಚಮಚ ಹುರಿಗಡಲೆ ಪುಡಿ ಸಾಕು, ನಾಲ್ಕು ಹಾಕಿದರೆ ಉಂಡೆ ವಡೆಯ ರುಚಿಗೆ ತಿರುಗುತ್ತದೆ. ಮಸಾಲೆಯನ್ನು ಬೇರೆಯಾಗಿ ಗಟ್ಟಿಯಾಗಿ ರುಬ್ಬಿಕೊಂಡು, ಕೈಮ ಫ್ರಿಜ್ಜಿನ ತಣುವಿನಲ್ಲಿರುವಾಗಲೇ ಕಲಸಿ, ಸಣ್ಣ ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಕಟ್ಟಿ. ಸಾರು ಕೊತಕೊತ ಕುದಿಯುತ್ತಿರಬೇಕು. ಬಿಟ್ಟ ಮೇಲೆ ಐದು ನಿಮಿಷ ಸೌಟು ಆಡಿಸಬಾರದು.

ಇಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಇದನ್ನು ಹಿಡಿದಿಡುವ ಅಂಟು ಮಿಥೈಲ್ ಸೆಲ್ಯುಲೋಸ್. ಅದು ಬಿಸಿಗೆ ಗಟ್ಟಿಯಾಗುತ್ತದೆ, ತಣ್ಣಗಾದರೆ ಸಡಿಲವಾಗುತ್ತದೆ. ಮೂಳೆ ಸಾರಿನ ಗುಣಕ್ಕೆ ಇದು ಪೂರ್ತಿ ತಿರುವುಮುರುವು, ಅದು ಆರಿದಾಗ ಗಟ್ಟಿಯಾಗುವಂಥದ್ದು. ಆದ್ದರಿಂದ ಒಲೆಯಿಂದ ಇಳಿಸಿ ಬಡಿಸಿದ ಉಂಡೆ ಬಾಯಿಗೆ ಗಟ್ಟಿಯಾಗಿ, ಹದವಾಗಿ ಸಿಗುತ್ತದೆ. ಅದೇ ಉಂಡೆ ರಾತ್ರಿಗೆ ಮೆತ್ತಗಾಗಿ, ಮತ್ತೆ ಬಿಸಿ ಮಾಡುವಾಗ ಸೌಟು ತಗುಲಿದರೆ ಒಡೆಯುತ್ತದೆ. ಬಾಡಿನ ಸಾರು ಮಾರನೆಯ ದಿನವೇ ಹೆಚ್ಚು ರುಚಿ ಎನ್ನುವ ನಮ್ಮ ಜಿಲ್ಲೆಯವರಿಗೆ ಇದು ಸಣ್ಣ ಕೊರತೆಯಲ್ಲ. ಎಷ್ಟು ಬೇಕೋ ಅಷ್ಟೇ ಮಾಡಿ ಆಗಲೇ ಮುಗಿಸುವುದೊಂದೇ ದಾರಿ.

ಸಾರಿಗೆ ಬಂದರೆ ತೀರ್ಪು ಕಠಿಣ. ನಾಟಿಕೋಳಿ ಸಾರಿಗೆ ಹಾಕುವ ಅದೇ ಖಾರ, ಅಂದರೆ ಹುರಿದ ಧನಿಯಾ, ಬ್ಯಾಡಗಿ ಮೆಣಸಿನಕಾಯಿ, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಗಸಗಸೆ, ತೆಂಗಿನಕಾಯಿ ರುಬ್ಬಿ ಮೂಳೆಯಿಲ್ಲದ ಸಸ್ಯ ತುಂಡು ಹಾಕಿ ಕುದಿಸಿದರೆ ಬಣ್ಣ ಬರುತ್ತದೆ, ಘಮ ಬರುತ್ತದೆ, ಸಾರು ಬರುವುದಿಲ್ಲ. ಕಾರಣ ಸ್ಪಷ್ಟ. ನಾಟಿಕೋಳಿ ಮುಕ್ಕಾಲು ಗಂಟೆ ಬೇಯುವಾಗ ಮೂಳೆ, ಚರ್ಮ, ಕೀಲುಗಳಲ್ಲಿರುವ ಕೊಲಾಜೆನ್ ಕರಗಿ ಜೆಲಾಟಿನ್ ಆಗಿ ನೀರಿಗಿಳಿಯುತ್ತದೆ. ಸಾರಿಗೆ ತುಟಿ ಅಂಟುವ ಮೈ ಕೊಡುವುದು ಅದು. ಮೇಲೆ ತೇಲುವ ಕೊಬ್ಬು ಮಸಾಲೆಯ ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೋಳಿ ಸಾರಿಗೆ ಕೊಡುವುದೇ ಹೆಚ್ಚು. ಸಸ್ಯ ತುಂಡು ಸಾರಿನಿಂದ ಉಪ್ಪು, ಖಾರ, ನೀರು ಹೀರಿಕೊಳ್ಳುತ್ತದೆ. ಇಪ್ಪತ್ತು ನಿಮಿಷ ಕುದಿಸಿದರೆ ತುಂಡು ಊದಿಕೊಂಡು ಪಾತ್ರೆಯಲ್ಲಿ ಉಳಿಯುವುದು ಸಪ್ಪೆ ಮಸಾಲೆ ನೀರು. ಮುದ್ದೆಯನ್ನು ಅಗಿಯದೆ ಸಾರಿನಲ್ಲಿ ಅದ್ದಿ ನುಂಗುವ ಊರಿನಲ್ಲಿ ಊಟದ ಮುಖ್ಯ ಪದಾರ್ಥವೇ ಸಾರು. ತುಂಡು ಎಷ್ಟೇ ಚೆನ್ನಾಗಿದ್ದರೂ ಸಾರು ಸೋತರೆ ಊಟ ಸೋತಂತೆ.

ಮಾಂಸ ತಿನ್ನದವರು ಅದೇ ಖಾರದ ಸಾರು ಉಣ್ಣಬೇಕೆಂದರೆ ಡಿಸೆಂಬರ್, ಜನವರಿಯಲ್ಲಿ ಹಿತಕಿದ ಅವರೆಬೇಳೆ ಇದೆ. ಅದು ತನ್ನ ಪಿಷ್ಟವನ್ನು ಸಾರಿಗೆ ಬಿಡುತ್ತದೆ, ಸಾರು ತಾನಾಗಿ ಮಂದವಾಗುತ್ತದೆ. ಈ ಒಂದು ವಿಷಯದಲ್ಲಿ ಕಾರ್ಖಾನೆಯ ತುಂಡು ಅವರೆಯ ಹತ್ತಿರಕ್ಕೂ ಬರುವುದಿಲ್ಲ.

ಕೊಬ್ಬಿನ ಬಗ್ಗೆ ಇನ್ನೊಂದು ಮಾತು. ತೆಂಗಿನೆಣ್ಣೆ ಹೆಪ್ಪುಗಟ್ಟುವುದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗೆ. ಹಾಸನ, ಚಿಕ್ಕಮಗಳೂರಿನ ಚಳಿಗಾಲದ ಬೆಳಗ್ಗೆ ಅಡುಗೆಮನೆಯೇ ಅದಕ್ಕಿಂತ ತಣ್ಣಗಿರುತ್ತದೆ. ತಟ್ಟೆಯಲ್ಲಿ ಆರಿದ ಶೀಕ್ ಕಬಾಬ್ ಮೇಲೆ ಬಿಳಿ ಪೊರೆ ಕಾಣುವುದು ಅದಕ್ಕೇ, ಕೆಟ್ಟಿದೆ ಎಂದುಕೊಳ್ಳಬೇಡಿ. ಕುರಿಯ ಕೊಬ್ಬೂ ಆರಿದರೆ ಹೆಪ್ಪುಗಟ್ಟುತ್ತದೆ, ಆದರೆ ಅದರಲ್ಲಿ ಕುರಿಯ ವಾಸನೆಯಿರುತ್ತದೆ. ಮಟನ್ನಿಗೆ ಮಟನ್ ಎನಿಸುವ ವಾಸನೆ ಬರುವುದು ಹೆಚ್ಚಾಗಿ ಕೊಬ್ಬಿನಿಂದ, ಕೆಂಪು ಮಾಂಸದಿಂದ ಕಡಿಮೆ. ಶೀಕ್ ಕಬಾಬ್ ಪ್ಯಾಕೆಟ್ಟು ಇಲ್ಲಿಯೇ ಸೋಲುತ್ತದೆ. ಹೊಗೆಯ ವಾಸನೆ ಹಾಕಿದ್ದಾರೆ, ಕುರಿಯ ವಾಸನೆ ಎಲ್ಲಿಂದ ತರುವುದು?

ಪ್ರಯೋಗಾಲಯದ ಮಾಂಸ ಈ ಪ್ರಶ್ನೆಗೆ ಉತ್ತರ ಕೊಡಬಹುದೇ? ಅದು ಸಸ್ಯವಲ್ಲ, ಪ್ರಾಣಿಯದೇ ಕಣ, ಅಂದರೆ ಜೀವಕೋಶ. ಜೀವಂತ ಪ್ರಾಣಿಯ ಸ್ನಾಯುವಿನಿಂದ ಚೂರು ತೆಗೆದು, ಅದರಲ್ಲಿನ ಬೆಳೆಯಬಲ್ಲ ಕಣಗಳನ್ನು ಬೇರ್ಪಡಿಸಿ, ಸಕ್ಕರೆ, ಅಮೈನೋ ಆಮ್ಲ, ಲವಣ, ಬೆಳವಣಿಗೆಯ ಪ್ರೋಟೀನುಗಳಿರುವ ದ್ರವದಲ್ಲಿ, ಪ್ರಾಣಿಯ ಮೈಬಿಸಿಗೆ ಸಮನಾದ ಶಾಖದಲ್ಲಿ ದೊಡ್ಡ ಉಕ್ಕಿನ ತೊಟ್ಟಿಗಳಲ್ಲಿ ಬೆಳೆಸುತ್ತಾರೆ. 2013ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಮಾರ್ಕ್ ಪೋಸ್ಟ್ ಇಂಥ ಮೊದಲ ಬರ್ಗರನ್ನು ಜನರ ಮುಂದಿಟ್ಟರು. ಖರ್ಚು ಸುಮಾರು ಎರಡೂವರೆ ಲಕ್ಷ ಯೂರೋ. ಅದಕ್ಕೂ ಬಣ್ಣಕ್ಕೆ ಬೀಟ್‌ರೂಟ್ ರಸ, ಕೇಸರಿ ಹಾಕಿದ್ದರು. ರುಚಿ ನೋಡಿದವರು ಎತ್ತಿದ ಕೊರತೆ ಕೊಬ್ಬಿನದೇ, ಅದರಲ್ಲಿ ಇದ್ದದ್ದು ಸ್ನಾಯು ಮಾತ್ರ.

ಇನ್ನೊಂದು ತೊಡಕು ದಪ್ಪದ್ದು. ಪ್ರಾಣಿಯ ದೇಹದಲ್ಲಿ ಪ್ರತಿ ಕಣದ ಹತ್ತಿರವೂ ರಕ್ತನಾಳ ಹಾದು ಆಮ್ಲಜನಕ ಮುಟ್ಟಿಸುತ್ತದೆ. ತೊಟ್ಟಿಯಲ್ಲಿ ರಕ್ತನಾಳ ಇಲ್ಲ. ಒಂದು ಮಿಲಿಮೀಟರಿಗಿಂತ ಬಹಳ ಕಡಿಮೆ ದಪ್ಪ ದಾಟಿದರೆ ಒಳಗಿನ ಕಣಗಳು ಉಸಿರುಕಟ್ಟಿ ಸಾಯುತ್ತವೆ. ತೊಡೆಯ ತುಂಡಿನಂಥದ್ದನ್ನು ಬೆಳೆಸಲು ರಂಧ್ರಗಳಿರುವ ಆಸರೆ ಬೇಕು, ಅದು ದುಬಾರಿ, ನಿಧಾನ. ಸುಲಭವಾಗಿ ಬರುವುದು ಪುಡಿಪುಡಿಯಾದ, ಕೈಮದಂಥ ಪದಾರ್ಥ. ಮೂಳೆ, ಕೀಲು, ಚರ್ಮ ಅದರಲ್ಲಿಲ್ಲ. ಅಂದರೆ ನಮ್ಮ ಸಾರಿನ ಪಾತ್ರೆಯಲ್ಲಿ ಸಸ್ಯ ತುಂಡು ಎಲ್ಲಿ ಸೋತಿತೋ ಇದೂ ಅಲ್ಲೇ ಸೋಲುತ್ತದೆ. ಗೆಲ್ಲಬಹುದಾದದ್ದು ಕೈಮದಲ್ಲಿ, ಅದೂ ಕೊಬ್ಬಿನ ಕಣಗಳನ್ನೂ ಬೆಳೆಸಿ ಬೆರೆಸಿದರೆ. ಕುರಿಯ ವಾಸನೆ ಆಗ ನಿಜವಾಗಿ ಬರುತ್ತದೆ.

ಮಾರಾಟದ ಇತಿಹಾಸವೂ ಹಾಗೇ ಸಾಗಿದೆ. 2020ರ ಡಿಸೆಂಬರಿನಲ್ಲಿ ಸಿಂಗಪುರ ಮೊದಲ ಅನುಮತಿ ಕೊಟ್ಟಿತು, ಕೋಳಿಯ ನಗ್ಗೆಟ್ಟಿಗೆ. 2023ರ ಜೂನ್‌ನಲ್ಲಿ ಅಮೆರಿಕ ಎರಡು ಕಂಪನಿಗಳ ಕೋಳಿಗೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಇಟಲಿ, 2024ರಲ್ಲಿ ಅಮೆರಿಕದ ಫ್ಲಾರಿಡಾ ಮತ್ತು ಅಲಬಾಮ ರಾಜ್ಯಗಳು ನಿಷೇಧಿಸಿದವು. 2024ರ ಮೇ ತಿಂಗಳಲ್ಲಿ ಸಿಂಗಪುರದ ಒಂದು ಮಾಂಸದಂಗಡಿಯ ಫ್ರೀಜರಿಗೆ ಬಂದ ಪ್ಯಾಕೆಟ್ಟಿನಲ್ಲಿ ಬೆಳೆಸಿದ ಕೋಳಿಯ ಕಣ ಶೇ 3 ಮಾತ್ರ, ಮಿಕ್ಕದ್ದು ಸಸ್ಯ ಪ್ರೋಟೀನು. ಇದನ್ನು ಮೋಸ ಎನ್ನಲಾಗದು, ಲೇಬಲ್ಲಿನ ಮೇಲೇ ಹೇಳಿದ್ದಾರೆ. ಬೆರಕೆಯೇ ಸದ್ಯಕ್ಕೆ ನಡೆಯುವ ದಾರಿ ಎಂದು ಅದು ತೋರಿಸುತ್ತದೆ.

ಬೆರಕೆ ನಮ್ಮ ಒಲೆಯ ಮೇಲೂ ಗೆದ್ದಿದೆ. ಕಾಲು ಕೆಜಿ ಮಟನ್ ಕೈಮಕ್ಕೆ ಸ್ವಲ್ಪ ಕೊಬ್ಬು ಸೇರಿಸಿ ಕೊಡಲು ಕಟುಕರಿಗೆ ಹೇಳಿ. 50 ಗ್ರಾಂ ಸೋಯಾ ಹರಳನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಎರಡು ಸಲ ತೊಳೆದು, ನೀರೆಲ್ಲ ಹೋಗುವಂತೆ ಹಿಂಡಿ ಬೆರೆಸಿ. ಹಿಂಡದೆ ಹಾಕಿದರೆ ಸೋಯಾ ವಾಸನೆ ಅಡುಗೆಯನ್ನೆಲ್ಲ ಹಿಡಿಯುತ್ತದೆ. ಮಟನ್ ಕೊಬ್ಬನ್ನು ಹರಳು ಹೀರಿಕೊಂಡ ಮೇಲೆ ಪಲ್ಯದಲ್ಲಾಗಲಿ ಉಂಡೆಯಲ್ಲಾಗಲಿ ಯಾವುದು ಯಾವುದೆಂದು ಬೇರ್ಪಡಿಸಿ ಹೇಳುವುದು ಕಷ್ಟ. ನಾಲ್ಕು ಜನರ ಕೈಮ ಆರು ಜನರಿಗೆ ಬರುತ್ತದೆ. ಮೂರು ಪ್ಯಾಕೆಟ್ಟುಗಳಿಗಿಂತಲೂ ನಮ್ಮ ಮೆಚ್ಚುಗೆ ಇದಕ್ಕೇ ಹೆಚ್ಚು.

ಆದರೆ ತಿನ್ನಲು ಒಪ್ಪುವುದು ನಾಲಿಗೆಯೊಂದರ ಕೆಲಸವಲ್ಲ. ಕಣ ಬೆಳೆಸುವ ದ್ರವದಲ್ಲಿ ಹಿಂದಿನಿಂದ ಬಳಸುತ್ತ ಬಂದದ್ದು ಹಸುವಿನ ಗರ್ಭದಲ್ಲಿರುವ ಕರುವಿನ ರಕ್ತದಿಂದ ತೆಗೆದ ಸೀರಂ. ಈ ಒಂದು ಮಾತು ಕಿವಿಗೆ ಬಿದ್ದರೆ ನಮ್ಮ ಕಡೆ ಕೋಳಿ ಕುರಿ ತಿನ್ನುವ ಮನೆಗಳೂ ಬಾಗಿಲು ಹಾಕಿಬಿಡುತ್ತವೆ, ಅದರಲ್ಲಿ ತಪ್ಪೇನೂ ಇಲ್ಲ. ಸೀರಂ ಇಲ್ಲದ ದ್ರವದಲ್ಲಿ ಬೆಳೆಸಿದ ಕೋಳಿಗೆ 2023ರ ಜನವರಿಯಲ್ಲಿ ಸಿಂಗಪುರ ಅನುಮತಿ ಕೊಟ್ಟಿದೆ. ಇಲ್ಲಿಗೆ ಬರುವ ಪ್ಯಾಕೆಟ್ಟು ಅದನ್ನು ಕನ್ನಡದಲ್ಲಿ, ಎದ್ದು ಕಾಣುವಂತೆ ಬರೆಯಲೇಬೇಕು. ಶ್ರವಣಬೆಳಗೊಳದ ಜೈನರಿಗೆ, ಮಾಂಸ ಮುಟ್ಟದ ಲಿಂಗಾಯತ, ಬ್ರಾಹ್ಮಣ ಮನೆಗಳಿಗೆ ಕೊಲ್ಲದೆ ಬಂದ ಮಾಂಸ ಎಂಬ ಮಾತು ದೊಡ್ಡ ಆಕರ್ಷಣೆಯಾಗಲಾರದು, ಅದು ಪ್ರಾಣಿಯ ಕಣವೇ, ಹಸಿರು ಚುಕ್ಕೆಯ ಕಡೆಗೆ ಬರುವಂಥದ್ದಲ್ಲ. ಮುಸ್ಲಿಂ ಮನೆಗಳಲ್ಲಿ ಮೊದಲ ಪ್ರಶ್ನೆ ಹಲಾಲ್‌ನದು, ಕಣ ತೆಗೆದದ್ದು ಯಾವ ಪ್ರಾಣಿಯಿಂದ, ಹೇಗೆ ಎಂಬುದರದು. ಹೊಸತೊಡಕಿನ ದಿನ ಊರವರು ದುಡ್ಡು ಹಾಕಿ ಮರಿ ಕೊಯ್ದು ಗುಡ್ಡೆ ಬಾಡು ಹಂಚಿಕೊಳ್ಳುವಾಗ ಪ್ರತಿ ಗುಡ್ಡೆಯಲ್ಲೂ ಮೂಳೆ, ಈಲಿ, ಕೊಬ್ಬು ಸಮನಾಗಿರಬೇಕು. ತಲೆಮಾಂಸ, ಬೋಟಿ, ಕಾಲಿಗೆ ಬೇರೆಯೇ ಲೆಕ್ಕ. ದೇವರ ಹರಕೆಗೂ ಜೀವವಿರುವ ಮರಿಯೇ ಆಗಬೇಕು. ಈ ಯಾವ ಜಾಗಕ್ಕೂ ತೊಟ್ಟಿಯ ಮಾಂಸ ಹೋಗುವುದಿಲ್ಲ, ಕಂಪನಿಗಳು ಅದನ್ನು ಗುರಿ ಮಾಡಿಕೊಳ್ಳುವುದೂ ವ್ಯರ್ಥ.

ಹೋಗಬಹುದಾದದ್ದು ಬೇಕರಿಯ ಪಫ್ಸ್‌ಗೆ, ಹಾಸ್ಟೆಲಿನ ಕಟ್ಲೆಟ್ಟಿಗೆ, ಮಿಲ್ಟ್ರಿ ಹೋಟೆಲಿನ ಕೈಮ ಗೊಜ್ಜಿಗೆ. ಜನ ಅಲ್ಲಿ ಮಾಂಸದ ಮೂಲ ಕೇಳುವುದು ಕಡಿಮೆ. ಅದಕ್ಕಾಗಿಯೇ ಅಂಥ ಕಡೆ ಬೋರ್ಡಿನಲ್ಲಿ ಬರೆದು ಮಾರುವುದು ಕಡ್ಡಾಯವಾಗಬೇಕು. ಗೊತ್ತಿಲ್ಲದೆ ತಿನ್ನಿಸಿ ಒಪ್ಪಿಗೆ ಪಡೆದೆವು ಎಂದುಕೊಳ್ಳಬಾರದು. ನಮ್ಮ ದೇಶದಲ್ಲೂ ಕೆಲಸ ಶುರುವಾಗಿದೆ, ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ 2024ರಲ್ಲಿ ಮೀನಿನ ಮಾಂಸ ಬೆಳೆಸಲು ಒಂದು ಖಾಸಗಿ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. ಮುಳ್ಳಿಲ್ಲದ ಮೀನಿಗೆ ಘಟ್ಟದ ಮೇಲೆ ಗಿರಾಕಿ ಸಿಗುವುದು ಕುರಿಗಿಂತ ಸುಲಭ ಎಂದು ನಮಗನ್ನಿಸುತ್ತದೆ, ಮೀನಿನ ಫ್ರೈಗೆ ಮೂಳೆಯ ಹಂಗಿಲ್ಲ.

ಬೆಲೆಗೆ ಬರೋಣ. ಸಸ್ಯ ಕೈಮ ಕಾಲು ಕೆಜಿಗೆ ಮುನ್ನೂರು ರೂಪಾಯಿಯ ಸುತ್ತಮುತ್ತ. ಅಷ್ಟೇ ತೂಕದ ಮಟನ್ ಕೈಮ ಇನ್ನೂರರ ಆಸುಪಾಸಿಗೆ ಸಿಗುವಾಗ ಇದು ಹೆಚ್ಚಾಯಿತು. ಪ್ರೋಟೀನೇ ಬೇಕೆಂದರೆ ಒಣ ಸೋಯಾ ಹರಳಿನಲ್ಲಿ ನೂರು ಗ್ರಾಮಿಗೆ ಐವತ್ತು ಗ್ರಾಂ ಪ್ರೋಟೀನ್ ಇದೆ, ಬೆಲೆ ಇದರ ಒಂದಂಶ. ಮಟನ್ನಿನಲ್ಲಿರುವ ಬಿ12 ಸಸ್ಯದಲ್ಲಿ ಇರುವುದಿಲ್ಲ, ಸೇರಿಸಿದ್ದಾರೆಯೇ ಎಂದು ಲೇಬಲ್ ನೋಡಬೇಕು. ರಕ್ತದೊತ್ತಡ ಇರುವವರು ಸೋಡಿಯಂ ಸಾಲನ್ನು ಓದಿ. ಗೋಧಿ, ಸೋಯಾ ಆಗದವರು ಮುಟ್ಟಬೇಡಿ.

ಕೊಳ್ಳುವುದಾದರೆ ಕೈಮ ಮಾತ್ರ ಕೊಳ್ಳಿ, ತುಂಡು ಮತ್ತು ಶೀಕ್ ಕಬಾಬ್ ಬಿಡಿ. ಪ್ಯಾಕೆಟ್ಟನ್ನು ಅಲುಗಾಡಿಸಿದರೆ ಒಳಗೆ ಸಡಿಲವಾಗಿ ಸರಿದಾಡಬೇಕು. ಒಂದೇ ಗಟ್ಟಿ ಇಟ್ಟಿಗೆಯಾಗಿದ್ದರೆ ಅಥವಾ ಅಂಚಿನಲ್ಲಿ ಮಂಜಿನ ಹರಳು ದಪ್ಪಗೆ ಕಟ್ಟಿದ್ದರೆ ಕರೆಂಟು ಹೋಗಿ ಕರಗಿ ಮತ್ತೆ ಹೆಪ್ಪುಗಟ್ಟಿದೆ ಎಂದರ್ಥ, ಮಳೆಗಾಲದಲ್ಲಿ ಇದನ್ನು ವಿಶೇಷವಾಗಿ ಗಮನಿಸಿ. ಇದು ಮೈನಸ್ 18 ಡಿಗ್ರಿಯಲ್ಲಿ ಇರಬೇಕಾದ ಪದಾರ್ಥ. ಹಳ್ಳಿಗೆ ಒಯ್ಯುವವರು ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ಇಟ್ಟು ಒಯ್ಯಿರಿ. ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜರಿಗೆ ಇಡದೆ ಅದೇ ದಿನ ಬಾಣಲೆಗೆ ಹಾಕಿ.